ಬಾರದ ಏಲಕ್ಕಿಯ ಲೆಕ್ಕ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ ಕಟಪಾಡಿ ಎಂಬ ಪೇಟೆಯಿದೆ. ಅಲ್ಲಿಂದ ಮೂಡಕ್ಕೆ ತಿರುಗಿದರೆ ಶಂಕರಪುರ, ಪಡುವಕ್ಕೆ ಇಳಿದರೆ ಮಟ್ಟು. ಒಂದು ಊರು ಮಲ್ಲಿಗೆಗೆ ಹೆಸರಾದುದು, ಇನ್ನೊಂದು ಗುಳ್ಳಕ್ಕೆ. ಗುಳ್ಳದ ವಿಷಯ ಮುಂದೆ ಬರುವುದು, ಮೊದಲು ಮಲ್ಲಿಗೆ. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಿನಲ್ಲಿ ಕಟ್ಟಿ ಚೆಂಡಿನ ಲೆಕ್ಕದಲ್ಲಿಯೂ ಅಟ್ಟೆಯ ಲೆಕ್ಕದಲ್ಲಿಯೂ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆ ಹೂವನ್ನು ಕೊಂಡು ಮದುವೆಯ ಮನೆಗೆ ಒಯ್ಯುವವರಲ್ಲಿ 3,200 ಮೊಗ್ಗುಗಳನ್ನು ಎಣಿಸಿ ನೋಡಿದವರು ಯಾರಾದರೂ ಇದ್ದಾರೆಯೆ? ಎಣಿಸುತ್ತ ಕುಳಿತರೆ ಮುಹೂರ್ತ ಮೀರುವುದು. ಕಟ್ಟಿದವರ ಬೆರಳಿನ ಲೆಕ್ಕವನ್ನು ನಂಬಿ ಹಣ ಕೊಡುವುದೇ ಅಲ್ಲಿಯ ವಾಡಿಕೆ.

ಇಂಥ ಸರಕಿನ ವ್ಯಾಪಾರದಲ್ಲಿ ದೂರಿನ ಆಯುಷ್ಯ ಬಹಳ ಕಡಿಮೆ. ಇಂದು ಕಟ್ಟಿದ ಹೂವು ನಾಳೆಗೆ ಬಾಡುವುದು. ಬಾಡಿದ ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ‘ನಿನ್ನೆ ಕೊಟ್ಟದ್ದು ಹಳೆಯ ಹೂವು’ ಎಂದು ಅಂಗಡಿಗೆ ಬಂದವರ ಮಾತಿಗೆ ಸಾಕ್ಷಿ ಎಲ್ಲಿಂದ ತರಬೇಕು? ಮಾರಿದವನು ಒಪ್ಪಿದರೆ ಉಂಟು, ಒಪ್ಪದಿದ್ದರೆ ಇಲ್ಲ. ಒಪ್ಪಿದನೆನ್ನಿ, ‘ತಪ್ಪಾಯಿತು ಅಮ್ಮ, ಇದನ್ನು ಕೊಂಡುಹೋಗಿ’ ಎಂದು ಇನ್ನೊಂದು ಚೆಂಡು ಕೊಟ್ಟನೆನ್ನಿ. ಮಾತು ಅಲ್ಲಿಗೆ ತೀರಿತು. ಅದನ್ನು ಯಾರೂ ಬರೆದಿಡುವುದಿಲ್ಲ.

ತಪ್ಪನ್ನು ತಿದ್ದಿಕೊಂಡ ವರ್ತಕರ ಚರಿತ್ರೆಯನ್ನು ಬರೆಯಹೊರಟವನಿಗೆ ಎದುರಾಗುವ ಮೊದಲ ತೊಡಕು ಇದೇ. ರಾಜರ ದಾನಗಳು ಕಲ್ಲಿನ ಮೇಲಿವೆ, ಯುದ್ಧಗಳೂ ಕಲ್ಲಿನ ಮೇಲಿವೆ. ಅಂಗಡಿಯವನು ಗಿರಾಕಿಗೆ ತೆತ್ತ ಪರಿಹಾರವನ್ನು ಕೆತ್ತಿಸಿದ ಶಾಸನವನ್ನು ನಾವು ಎಲ್ಲಿ ಹುಡುಕೋಣ? ಸಾಲ ತೀರಿದೊಡನೆ ಪತ್ರವನ್ನು ಹರಿದುಹಾಕುವುದು ನಮ್ಮ ಪದ್ಧತಿ. ಜಗಳ ತೀರಿದೊಡನೆ ಅದರ ಕಾಗದವೂ ಹಾಗೆಯೇ ಹೋಗುವುದು. ತೀರದೆ ಉಳಿದ ದೂರು ಮಾತ್ರ ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದುಕೊಂಡಿರುತ್ತದೆ. ಆದುದರಿಂದ ಹಳೆಯ ಕಾಗದಗಳನ್ನು ಓದಿದವನಿಗೆ ಹಿಂದಿನ ವರ್ತಕರೆಲ್ಲ ಮೋಸಗಾರರೇ ಎಂದು ತೋರಿದರೆ ಆಶ್ಚರ್ಯವಿಲ್ಲ. ಅದು ಪೂರ್ತಿ ನಿಜವಾಗಲಾರದು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಸುಟ್ಟ ಮಣ್ಣಿನ ಹಲಗೆ ಈ ಮಾತಿಗೆ ಒಳ್ಳೆಯ ನಿದರ್ಶನ. ಕ್ರಿಸ್ತಪೂರ್ವ ಸುಮಾರು 1750ರಲ್ಲಿ, ಇಂದಿನ ಇರಾಕಿನಲ್ಲಿರುವ ಊರ್ ಎಂಬ ಪಟ್ಟಣದಲ್ಲಿ ಇದ್ದ ಏಆ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ನನ್ನಿ ಎಂಬ ಗಿರಾಕಿ ಬರೆಯಿಸಿದ ದೂರು ಅದು. ಒಳ್ಳೆಯ ತಾಮ್ರ ಕೊಡುತ್ತೇನೆಂದು ಹೇಳಿ ಕೆಟ್ಟ ಗಟ್ಟಿಗಳನ್ನು ಕೊಟ್ಟೆ, ನನ್ನ ಆಳನ್ನು ಅವಮಾನಿಸಿ ಬರಿಗೈಯಲ್ಲಿ ಕಳುಹಿಸಿದೆ ಎಂಬುದು ಅದರ ಸಾರಾಂಶ. ಲೆನಾರ್ಡ್ ವೂಲಿ ಎಂಬ ಪುರಾತತ್ತ್ವಜ್ಞ ಆ ಪಟ್ಟಣವನ್ನು ಅಗೆಯಿಸಿದಾಗ ಸಿಕ್ಕಿದ ಈ ಹಲಗೆಯಿಂದ ಏಆ-ನಾಸಿರನ ಹೆಸರು ಜಗತ್ತಿನಾದ್ಯಂತ ನಗೆಗೀಡಾಗಿದೆ. ಅವನು ಮರುಮಾತೇನು ಹೇಳಿದನು, ತಾಮ್ರವನ್ನು ಬದಲಾಯಿಸಿ ಕೊಟ್ಟನೋ ಇಲ್ಲವೋ, ಹಲಗೆ ಹೇಳುವುದಿಲ್ಲ. ಮೂರೂವರೆ ಸಾವಿರ ವರ್ಷಗಳ ಮೇಲೆ ಒಂದೇ ಪಕ್ಷದ ವಾದವನ್ನು ಕೇಳಿ ತೀರ್ಪು ಕೊಡುತ್ತಿದ್ದೇವೆ.

ಊರ್ ಪಟ್ಟಣದವರೆಗೆ ಹೋಗಿ ಬಂದದ್ದು ಸುಮ್ಮನೆಯಲ್ಲ. ಕಟಪಾಡಿಯಿಂದ ತೆಂಕಕ್ಕೆ ಹತ್ತು-ಹನ್ನೆರಡು ಹರದಾರಿ ಹೋದರೆ ಸಿಗುವ ಮಂಗಳೂರಿನಲ್ಲಿ ನಡೆದ ಇಂಥದೇ ಒಂದು ವ್ಯವಹಾರದ ಕಾಗದಗಳು ಉಳಿದು ಬಂದಿವೆ. ಅದು ಹನ್ನೆರಡನೆಯ ಶತಮಾನದ ಮಾತು. ತುಳುನಾಡನ್ನು ಆಗ ಆಳುಪರು ಆಳುತ್ತಿದ್ದರು. ಈ ವ್ಯವಹಾರದಲ್ಲಿ ನಡುವೆ ನಿಂತವನ ಸ್ಥಿತಿಯೂ ನಮಗೆ ಕಾಣುವುದರಿಂದ ಇದು ಊರಿನ ಹಲಗೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಆ ಕಾಗದಗಳು ಉಳಿದ ಬಗೆಯೇ ಒಂದು ಕಥೆ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನಲ್ಲಿ ಯೆಹೂದ್ಯರ ಒಂದು ಪ್ರಾರ್ಥನಾಮಂದಿರವಿದೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿಯಬಾರದು, ಸುಡಬಾರದು ಎಂಬುದು ಅವರ ನಂಬಿಕೆ. ಬೇಡವಾದ ಕಾಗದಗಳನ್ನೆಲ್ಲ ಮಂದಿರದ ಒಂದು ಕೋಣೆಯಲ್ಲಿ ಹಾಕುತ್ತ ಬಂದರು. ಅದಕ್ಕೆ ಗೆನೀಜಾ ಎಂದು ಹೆಸರು. ಧರ್ಮಗ್ರಂಥಗಳ ಹಾಳೆಗಳ ಜೊತೆಗೆ ವ್ಯಾಪಾರಿಗಳ ಪತ್ರ, ಲೆಕ್ಕ, ಸಾಮಾನಿನ ಪಟ್ಟಿ ಎಲ್ಲವೂ ಅಲ್ಲಿ ಸೇರಿದುವು. 1896–97ರಲ್ಲಿ ಸಾಲೊಮನ್ ಷೆಕ್ಟರ್ ಎಂಬ ವಿದ್ವಾಂಸರು ಅದರ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಆ ರಾಶಿಯಿಂದ ಹಿಂದೂದೇಶದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಒಂದೊಂದಾಗಿ ಆಯ್ದು ಓದಿದವರು ಎಸ್. ಡಿ. ಗೋಯ್ಟೈನ್. 1985ರಲ್ಲಿ ಅವರು ತೀರಿಕೊಂಡ ಮೇಲೆ ಮೊರ್ಡೆಖಾಯ್ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ 2008ರಲ್ಲಿ ಗ್ರಂಥವಾಗಿ ಹೊರತಂದರು. ನಡುವೆ, 1992ರಲ್ಲಿ, ಕಾದಂಬರಿಕಾರ ಅಮಿತಾವ್ ಘೋಷ್ ಅದೇ ಪತ್ರಗಳ ಬೆನ್ನು ಹತ್ತಿ ಈಜಿಪ್ತಿನಿಂದ ಮಂಗಳೂರಿಗೆ ಬಂದು ಒಂದು ಪುಸ್ತಕ ಬರೆದರು. ಪತ್ರಗಳಲ್ಲಿ ಬರುವ ಒಬ್ಬ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದಬೇಕೆಂದು ಅವರಿಗೆ ದಾರಿ ತೋರಿಸಿದವರು ನಮ್ಮ ಬಿ. ಎ. ವಿವೇಕ ರೈಗಳು.

ಪತ್ರಗಳ ಒಡೆಯನ ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಆಫ್ರಿಕದ ಉತ್ತರ ತೀರದಲ್ಲಿ, ಇಂದಿನ ಟ್ಯುನೀಸಿಯದ ಮಹ್ದಿಯಾದಲ್ಲಿ. ಏಡನ್ನಿಗೆ ಬಂದು ಅಲ್ಲಿಯ ದೊಡ್ಡ ವರ್ತಕನಾದ ಮದ್ಮೂನನ ಆಶ್ರಯ ಪಡೆದು, ಅಲ್ಲಿಂದ ಕಡಲು ದಾಟಿ ಮಂಗಳೂರಿಗೆ ಬಂದನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಆಶು ಎಂಬ ಹೆಣ್ಣಾಳನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಆಕೆಯೇ ಅವನ ಹೆಂಡತಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. 1149ರಲ್ಲಿ ಅವನು ಏಡನ್ನಿಗೆ ಮರಳುವವರೆಗೆ ಮಂಗಳೂರೇ ಅವನ ವ್ಯಾಪಾರದ ನೆಲೆ. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಇವನ್ನು ಏಡನ್ನಿಗೆ ಕಳುಹಿಸುವನು; ಅಲ್ಲಿಂದ ತಾಮ್ರ, ಚಿನ್ನದ ನಾಣ್ಯ, ಸಕ್ಕರೆ, ಒಣದ್ರಾಕ್ಷಿ, ಚಾಪೆ ಮತ್ತು ಬಹಳ ಮುಖ್ಯವಾಗಿ ಈಜಿಪ್ತಿನ ಕಾಗದ ಬರುತ್ತಿದ್ದುವು. ಇಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲ. ಬಂದ ಪತ್ರದ ಹಿಂಬದಿಯಲ್ಲಿ ಅವನು ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಹಾಗಾಗಿ ಆ ಪತ್ರಗಳನ್ನು ಎಸೆಯಲಿಲ್ಲ. ಊರು ಬಿಡುವಾಗ ಜೊತೆಗೆ ಕೊಂಡುಹೋದ. ಕಡೆಗೆ ಅವು ಫುಸ್ತಾತಿನ ಕೋಣೆಗೆ ಬಿದ್ದುವು. ಕಾಗದದ ಬಡತನದಿಂದ ನಮಗೆ ಚರಿತ್ರೆ ದೊರೆಯಿತು.

ಅವನಿಗೆ ಮಂಗಳೂರಿನಲ್ಲಿ ಕಂಚು-ತಾಮ್ರದ ಪಾತ್ರೆಗಳನ್ನು ಎರೆಯುವ ಒಂದು ಕಾರ್ಖಾನೆಯೂ ಇದ್ದಿತು. ಏಡನ್ನಿನ ಗಿರಾಕಿಗಳು ಒಡೆದ ಹಳೆಯ ಪಾತ್ರೆಗಳನ್ನು ತೂಕ ಮಾಡಿ ಕಳುಹಿಸಿ, ಇದರಿಂದ ಇಂಥ ತಂಬಿಗೆ, ಇಂಥ ದೀಪ ಮಾಡಿಸಿಕೊಡಬೇಕೆಂದು ಬರೆಯುತ್ತಿದ್ದರು. ದೀಪದ ಕಂಬ ಎಂಟು ಮುಖದ್ದಾಗಿರಬೇಕು, ಬುಡ ಗಟ್ಟಿಯಾಗಿರಬೇಕು ಎಂದು ಒಬ್ಬನು ಹೇಳಿಕಳುಹಿಸಿದ್ದಾನೆ. ಇಷ್ಟು ವಿವರವಾಗಿ ಬರೆಯುವವನ ಮನಸ್ಸಿನಲ್ಲಿ ಮುಂದೆ ಬರಬಹುದಾದ ತಕರಾರು ಆಗಲೇ ಮೂಡಿದೆಯೆಂದು ತಿಳಿಯಬೇಕು. ತಾಮ್ರ ಕೊಟ್ಟು ಪಾತ್ರೆ ಮಾಡಿಸಿದ ಯಾವ ಮನೆಯಲ್ಲಿ ತಾನೆ ‘ತೂಕ ಕಡಿಮೆ ಬಂತು’ ಎಂಬ ಮಾತು ಹುಟ್ಟಿಲ್ಲ?

ಇನ್ನು ಏಲಕ್ಕಿಯ ಪ್ರಕರಣ. ಏಡನ್ನಿನಲ್ಲಿ ಬೆನ್ ಯಿಜುವಿಗೆ ಮೂವರು ಮಿತ್ರರು: ಮದ್ಮೂನ್, ಯೂಸುಫ್ ಇಬ್ನ್ ಅಬ್ರಹಾಂ, ಖಲಫ್ ಇಬ್ನ್ ಇಸ್‌ಹಾಕ್. ಏಲಕ್ಕಿ ಕೊಳ್ಳುವುದಕ್ಕೆಂದು ಬೆನ್ ಯಿಜು ಇಲ್ಲಿಯ ಒಬ್ಬ ಮಧ್ಯವರ್ತಿಗೆ ಮುಂಗಡ ಕೊಟ್ಟಿದ್ದನು. ಪತ್ರಗಳು ಈ ಮಧ್ಯವರ್ತಿಯನ್ನು ಕರೆಯುವುದು ‘ಕಾರ್ದಾರ’ ಎಂದು. ಕೆಲಸ ನಡೆಸುವವನು, ಕಾರಭಾರಿ ಎಂಬುದಕ್ಕೆ ಸಮಾನವಾದ ಪಾರಸಿ ಮಾತು ಅದು. ಕಾರ್ದಾರನು ಹಣ ತೆಗೆದುಕೊಂಡನು, ಏಲಕ್ಕಿ ಬರಲಿಲ್ಲ. ಒಂದು ಮಳೆಗಾಲ ಹೋಯಿತು. ಹಣವೂ ಬರಲಿಲ್ಲ.

ಅಂದಿನ ಕಡಲ ವ್ಯಾಪಾರದಲ್ಲಿ ಒಂದು ದೂರಿಗೆ ಎಷ್ಟು ಕಾಲ ಹಿಡಿಯುತ್ತಿತ್ತೆಂಬುದನ್ನು ನೆನೆಯಬೇಕು. ಹಡಗು ಗಾಳಿಯನ್ನು ಅನುಸರಿಸಿ ಹೋಗಬೇಕು, ಗಾಳಿಯನ್ನು ಅನುಸರಿಸಿ ಬರಬೇಕು. ಏಡನ್ನಿನಿಂದ ಒಂದು ಪ್ರಶ್ನೆ ಹೊರಟರೆ ಅದಕ್ಕೆ ಉತ್ತರ ಸೇರುವಷ್ಟರಲ್ಲಿ ಒಂದು ವರ್ಷ. ನಡುವೆ ಹಡಗು ಮುಳುಗಿದರೆ ಉತ್ತರವೂ ಇಲ್ಲ, ಸರಕೂ ಇಲ್ಲ. ಏಡನ್ ಬಂದರಿನ ಸಮೀಪದಲ್ಲಿಯೇ ಒಂದು ಹಡಗು ಮುಳುಗಿ, ಮುಳುಗುಗಾರರನ್ನು ಇಳಿಸಿ ಕಬ್ಬಿಣದ ಸ್ವಲ್ಪ ಭಾಗವನ್ನು ಮೇಲೆತ್ತಿದ, ಮೆಣಸೆಲ್ಲ ನೀರುಪಾಲಾದ ಸುದ್ದಿಯೂ ಇವನಿಗೆ ಬಂದ ಪತ್ರಗಳಲ್ಲಿದೆ. ಅಂಥ ನಷ್ಟಕ್ಕೆ ಯಾರೂ ಯಾರನ್ನೂ ದೂರಲಿಲ್ಲ. ಕಡಲು ತೆಗೆದುಕೊಂಡದ್ದು ಕಡಲಿಗೆ. ಏಲಕ್ಕಿಯ ನಷ್ಟವಾದರೋ ಮನುಷ್ಯನು ಮಾಡಿದ್ದು. ಅಲ್ಲಿ ಮನಸ್ಸು ಕಹಿಯಾಗುವುದು ಸಹಜ.

ಬೆನ್ ಯಿಜು ಕಾರ್ದಾರನನ್ನು ಮೆತ್ತಗಿನ ಮಾತಿನಲ್ಲಿ ಕೇಳಿ ನೋಡಿದನೆಂದು ತಿಳಿದುಬರುತ್ತದೆ. ಏಡನ್ನಿನವರಿಗೆ ಅದು ಸಾಲಲಿಲ್ಲ. ಮೃದುವಾಗಿ ಕೇಳಿದರೆ ಆಗದು, ಹೆದರಿಸು ಎಂದು ಒಂದು ಪತ್ರದಲ್ಲಿ ಬರುತ್ತದೆ. ಯಾವುದರಿಂದ ಹೆದರಿಸಬೇಕು? ರಾಜಭಟರ ಮಾತಿಲ್ಲ, ಸೆರೆಮನೆಯ ಮಾತಿಲ್ಲ. ಕೊಟ್ಟ ಮಾತಿಗೆ ತಪ್ಪಿದವನನ್ನು ಏಡನ್ನಿನಲ್ಲಿ ನಾವು ಬಹಿರಂಗವಾಗಿ ಹೆಸರು ಕೆಡಿಸುತ್ತೇವೆ, ಅವನ ಮೇಲೆ ಖಂಡನೆಯ ಪತ್ರ ಹೊರಡಿಸುತ್ತೇವೆ, ಅದನ್ನು ಅಲ್ಲಿಗೂ ಕಳುಹಿಸುತ್ತೇವೆ ಎಂದು ಹೇಳು ಎಂಬುದು ಅವರ ಸಲಹೆ. ಓದುಗರಿಗೆ ಇದು ವಿಚಿತ್ರವಾಗಿ ತೋರಬಹುದು. ಕಡಲಾಚೆ ಇರುವ, ತಾನು ಎಂದೂ ಕಾಣದ ಊರಿನಲ್ಲಿ ತನ್ನ ಹೆಸರು ಕೆಟ್ಟರೆ ಮಂಗಳೂರಿನ ಕಾರ್ದಾರನಿಗೆ ಏನಾಗಬೇಕು? ಆದರೆ ಅವನ ಜೀವನ ನಡೆಯುವುದು ಆ ಊರಿನಿಂದ ಬರುವ ಹಣದಿಂದ. ಮುಂದಿನ ವರ್ಷ ಹಡಗಿನಿಂದ ಇಳಿಯುವ ಯಾವ ವರ್ತಕನೂ ಅವನ ಕೈಗೆ ಮುಂಗಡ ಕೊಡದಿದ್ದರೆ ಅವನ ಕಾರಭಾರವೇ ಮುಗಿದಂತೆ.

ತುಳುನಾಡಿನವರಿಗೆ ಈ ಬಗೆಯ ಬೆದರಿಕೆ ಅಷ್ಟೇನೂ ಹೊಸದಲ್ಲ. ಕೊಡಬೇಕಾದ ಹಣವನ್ನು ಕೊಡದೆ ಸತಾಯಿಸುವವನ ಮುಂದೆ ‘ಹಾಗಾದರೆ ಧರ್ಮಸ್ಥಳಕ್ಕೆ ಹೋಗಿ ಹೇಳುತ್ತೇನೆ’ ಎಂದರೆ ಸಾಕು, ಕೋರ್ಟಿನ ನೋಟೀಸಿಗೆ ಬಗ್ಗದವನು ಬಗ್ಗುವುದನ್ನು ಹಿರಿಯರು ಕಂಡಿದ್ದಾರೆ. ‘ಮಾತು ಬಿಡ ಮಂಜುನಾಥ’ ಎಂಬ ನಾಣ್ಣುಡಿ ಹುಟ್ಟಿದ್ದು ಸುಮ್ಮನೆಯಲ್ಲ. ಹೆಗ್ಗಡೆಯವರ ಮುಂದೆ ಎರಡು ಪಕ್ಷದವರೂ ಕುಳಿತು ವ್ಯಾಜ್ಯ ತೀರಿಸಿಕೊಳ್ಳುವ ಪದ್ಧತಿ ಆ ಕ್ಷೇತ್ರದಲ್ಲಿ ಬೇರೂರಿದ್ದು. ಭಯ ದೈವದ್ದೋ ಜನರದ್ದೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಹೆದರಿಕೆ ಕಾರ್ದಾರನಿಗೆ ತಟ್ಟಿತೋ ಏನೋ, ಏಡನ್ನಿನವರ ಮಾತಿನ ಧಾಟಿ ಮಾತ್ರ ಬದಲಾಯಿತು. ಆ ಏಲಕ್ಕಿ ನಿನ್ನದು, ಅದರಲ್ಲಿ ನಮಗೆ ಪಾಲಿಲ್ಲ, ಅದು ನಿನಗೂ ಕಾರ್ದಾರನಿಗೂ ನಡುವಿನ ವ್ಯವಹಾರ, ನಮ್ಮ ಲೆಕ್ಕದಿಂದ ಅದನ್ನು ಬೇರೆ ಇಡು ಎಂಬ ಅರ್ಥದ ಮಾತು ಇನ್ನೊಂದು ಪತ್ರದಲ್ಲಿದೆ. ಇಡೀ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಏಡನ್ನಿನವರು ಕಾರ್ದಾರನನ್ನು ಕಂಡವರಲ್ಲ. ಅವರು ನಂಬಿದ್ದು ಬೆನ್ ಯಿಜುವನ್ನು. ಮೋಸ ಮಾಡಿದವನು ಯಾರೇ ಆಗಲಿ, ಆ ನಂಬಿಕೆಯ ಬೆಲೆ ತೆರಬೇಕಾದವನು ನಡುವೆ ನಿಂತವನು ಎಂಬುದು ಅವರ ನ್ಯಾಯ.

ಇದು ಸರಿಯೇ? ನನಗನ್ನಿಸುವ ಮಟ್ಟಿಗೆ, ಕಠಿನವಾದರೂ ಸರಿ. ಗಿರಾಕಿಯು ಅಂಗಡಿಗೆ ಬಂದು ಹುಳು ಬಿದ್ದ ಬೇಳೆಯನ್ನು ತೋರಿಸಿದಾಗ ‘ಸಗಟು ವ್ಯಾಪಾರಿ ಹೀಗೆ ಕೊಟ್ಟ, ನಾನೇನು ಮಾಡಲಿ?’ ಎಂದು ಕೈತೊಳೆದುಕೊಳ್ಳುವ ಅಂಗಡಿಯವನನ್ನು ನಾವೆಲ್ಲ ಬಲ್ಲೆವು. ಆ ಸಗಟು ವ್ಯಾಪಾರಿಯನ್ನು ಆರಿಸಿದವನು ಗಿರಾಕಿಯಲ್ಲವಷ್ಟೆ. ಮುಂದಿನ ಪತ್ರಗಳಲ್ಲಿ ಏಡನ್ನಿನ ಈ ಮಿತ್ರರೊಡನೆ ಬೆನ್ ಯಿಜುವಿನ ಸ್ನೇಹ ಮುರಿದುಬಿದ್ದ ಸೂಚನೆಯಿಲ್ಲ. ಕಾಗದ, ಸಕ್ಕರೆಯ ಉಡುಗೊರೆ ಬರುತ್ತಲೇ ಇದ್ದುವು. ಹದಿನೇಳು ವರ್ಷ ಪರಸ್ಥಳದಲ್ಲಿ ನಿಂತು ವ್ಯಾಪಾರ ಮಾಡಿದವನಿಗೆ ಆ ಸ್ನೇಹದ ಬೆಲೆ ಏಲಕ್ಕಿಯ ಬೆಲೆಗಿಂತ ಹೆಚ್ಚಿನದೆಂದು ತಿಳಿಯದಿರಲಾರದು.

ಹಾಗಾದರೆ ಅಂದಿನ ಧರ್ಮಶಾಸ್ತ್ರ ಇಂಥ ವ್ಯವಹಾರಕ್ಕೆ ಏನು ಹೇಳುತ್ತಿತ್ತು? ಬೆನ್ ಯಿಜು ಮಂಗಳೂರಿಗೆ ಬರುವುದಕ್ಕೆ ಸ್ವಲ್ಪ ಮೊದಲು, ಘಟ್ಟದ ಮೇಲೆ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಮಿತಾಕ್ಷರವೆಂದರೆ ಆಸ್ತಿಯ ಪಾಲು ಮಾಡುವ ಶಾಸ್ತ್ರವೆಂದೇ ನಮ್ಮ ವಕೀಲರು ತಿಳಿದಿದ್ದಾರೆ. ಅದು ಅವರ ತಪ್ಪಲ್ಲ. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಇಂಗ್ಲಿಷಿಗೆ ತಂದದ್ದು ದಾಯಭಾಗದ ಪ್ರಕರಣವನ್ನು, ಕಂಪೆನಿಯ ಕೋರ್ಟುಗಳಿಗೆ ಬೇಕಾದದ್ದೂ ಅದೇ. ಮಾರುವ ಕೊಳ್ಳುವ ಪ್ರಕರಣಗಳು ಸಂಸ್ಕೃತದಲ್ಲಿಯೇ ಮಲಗಿದುವು.

ಆ ಪ್ರಕರಣಗಳಲ್ಲಿ ಒಂದರ ಹೆಸರೇ ಸೊಗಸಾಗಿದೆ: ಕ್ರೀತಾನುಶಯ. ಅನುಶಯವೆಂದರೆ ಪಶ್ಚಾತ್ತಾಪ. ಕೊಂಡಮೇಲೆ ‘ಅಯ್ಯೋ, ಕೊಂಡೆನಲ್ಲ’ ಎನ್ನಿಸುವ ಆ ಭಾವಕ್ಕೆ ಶಾಸ್ತ್ರದಲ್ಲಿ ಒಂದು ಅಧ್ಯಾಯ! ಪರೀಕ್ಷಿಸಿ ನೋಡುವುದಕ್ಕೆ ಒಂದೊಂದು ಸರಕಿಗೆ ಒಂದೊಂದು ಅವಧಿ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1, ಹೊರೆ ಹೊರುವ ಎತ್ತಿನಂಥ ಪ್ರಾಣಿಗೆ 5, ರತ್ನಕ್ಕೆ 7, ಹಾಲು ಕೊಡುವ ಹಸು ಎಮ್ಮೆಗಳಿಗೆ 3 ದಿನ. ಬೀಜ ಮೊಳೆಯುವುದಕ್ಕೆ ಹತ್ತು ದಿನ ಬೇಕು. ಹಸುವಿನ ಗುಣ ಮೂರು ಕರಾವಿನಲ್ಲಿ ತಿಳಿಯುವುದು. ಬರೆದವನು ಹಟ್ಟಿಯನ್ನೂ ಗದ್ದೆಯನ್ನೂ ಬಲ್ಲವನು. ಅದೇ ಪಟ್ಟಿಯಲ್ಲಿ ಗಂಡಾಳಿಗೆ ಅರ್ಧ ತಿಂಗಳು, ಹೆಣ್ಣಾಳಿಗೆ ಒಂದು ತಿಂಗಳು ಎಂದೂ ಇದೆ. ಎತ್ತು ಮತ್ತು ರತ್ನದ ಸಾಲಿನಲ್ಲಿ ಮನುಷ್ಯರು! ಆಶುವೂ ಬೊಮ್ಮನೂ ಅಂಥ ಕಾಲದ ಸರಕುಗಳೇ. ಸರಕಿನ ಬಗೆಗೆ ಕೊಂಡವನು ದೂರಬಹುದಾಗಿತ್ತು. ಸರಕಾದವರ ದೂರನ್ನು ಯಾವ ಸ್ಮೃತಿಯೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಂದಿನ ಶ್ಲೋಕ ನಮ್ಮ ಕಂಚಿನ ಕಾರ್ಖಾನೆಗೆ ಸಂಬಂಧಿಸಿದ್ದು. ಬೆಂಕಿಗೆ ಹಾಕಿದರೆ ಚಿನ್ನ ಕಡಿಮೆಯಾಗದು. ಬೆಳ್ಳಿ ನೂರಕ್ಕೆ 2 ಪಲ, ತವರ ಸೀಸಗಳು 8, ತಾಮ್ರ 5, ಕಬ್ಬಿಣ 10 ಪಲ ಕಡಿಮೆಯಾಗಬಹುದು. ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಕೆಲಸಗಾರನು ದಂಡಾರ್ಹ. ಹಳೆಯ ಪಾತ್ರೆಗಳನ್ನು ತೂಗಿ ಕಳುಹಿಸಿದ ಏಡನ್ನಿನವನಿಗೆ ಈ ಶ್ಲೋಕ ತಿಳಿದಿದ್ದರೆ ಬಹಳ ಸಂತೋಷಪಡುತ್ತಿದ್ದನು.

ಏಲಕ್ಕಿಯ ಪ್ರಕರಣಕ್ಕಂತೂ ಅಲ್ಲಿ ಅಳತೆ ತೆಗೆದು ಹೊಲಿದಂತಹ ವಿಧಿಯೊಂದಿದೆ. ಬೆಲೆ ತೆಗೆದುಕೊಂಡು ಸರಕು ಕೊಡದವನು ಅದನ್ನು ಲಾಭಸಹಿತವಾಗಿ ಕೊಡತಕ್ಕದ್ದು. ಕೊಂಡವನು ದೇಶಾಂತರದಿಂದ ಬಂದವನಾದರೆ ಆ ದೇಶದಲ್ಲಿ ಬರುತ್ತಿದ್ದ ಲಾಭವನ್ನೂ ತೆರತಕ್ಕದ್ದು. ದಿಗ್ಲಾಭವೆಂದು ಅದರ ಹೆಸರು. ಎಂದರೆ, ಕಾರ್ದಾರನು ಮುಂಗಡವನ್ನು ಹಿಂದಿರುಗಿಸಿದರೆ ಸಾಲದು, ಏಡನ್ನಿನ ಪೇಟೆಯಲ್ಲಿ ಆ ಏಲಕ್ಕಿಗೆ ಏನು ದೊರೆಯುತ್ತಿತ್ತೋ ಅದನ್ನು ಕೊಡಬೇಕಾಗಿತ್ತು. ನಾರದಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳ್ಳೆಯದನ್ನು ತೋರಿಸಿ ಕೆಟ್ಟದ್ದನ್ನು ಕೊಟ್ಟವನು ಬೆಲೆಯ ಇಮ್ಮಡಿಯನ್ನು ಕೊಂಡವನಿಗೂ ಅಷ್ಟೇ ದಂಡವನ್ನು ರಾಜನಿಗೂ ಕೊಡಬೇಕೆನ್ನುತ್ತದೆ. ಕೊಂಡವನನ್ನೂ ನಾರದನು ಸುಮ್ಮನೆ ಬಿಟ್ಟಿಲ್ಲ. ಬೇಡವೆನಿಸಿದರೆ ಅದೇ ದಿನ, ಇದ್ದದ್ದು ಇದ್ದಂತೆ ಹಿಂದಿರುಗಿಸಬೇಕು. ಎರಡನೆಯ ದಿನವಾದರೆ ಬೆಲೆಯಲ್ಲಿ ಮೂವತ್ತರಲ್ಲಿ ಒಂದು ಪಾಲು ಬಿಡಬೇಕು, ಮೂರನೆಯ ದಿನ ಅದರ ಎರಡರಷ್ಟು. ಆಮೇಲೆ ವಸ್ತು ಕೊಂಡವನದೇ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇಂಥ ಅವಧಿಗಳಿವೆ: ವರ್ತಕರಿಗೆ ಒಂದು ರಾತ್ರಿ, ಬೇಸಾಯಗಾರರಿಗೆ ಮೂರು, ದನ ಸಾಕುವವರಿಗೆ ಐದು.

ಇಷ್ಟೆಲ್ಲ ಶಾಸ್ತ್ರವಿದ್ದೂ ಬೆನ್ ಯಿಜುವಿನ ಏಲಕ್ಕಿಯ ಪತ್ರಗಳಲ್ಲಿ ದಿಗ್ಲಾಭದ ಸುಳಿವಿಲ್ಲ. ಸ್ಮೃತಿಯ ಪುಟದಿಂದ ಬಂದರಿನ ಕಟ್ಟೆಗೆ ದೂರ ಬಹಳ. ಕಟ್ಟೆಯ ಮೇಲೆ ನಡೆದದ್ದು ಮೆತ್ತಗಿನ ಮಾತು, ಆಮೇಲೆ ಹೆಸರಿನ ಬೆದರಿಕೆ, ಕಡೆಗೆ ನಷ್ಟವನ್ನು ಒಬ್ಬನ ಲೆಕ್ಕಕ್ಕೆ ಬರೆಯುವುದು.

ಇಂಗ್ಲಿಷರ ಕಾಲಕ್ಕೆ ಬಂದರೆ ನ್ಯಾಯ ಕೊಂಡವನ ಕಡೆಯಿಂದ ತುಸು ಸರಿದು ನಿಂತಿತು. 1872ರ ಕರಾರು ಕಾನೂನು, 1930ರ ಸರಕು ಮಾರಾಟ ಕಾನೂನು ಇವೆರಡೂ ಅವರ ದೇಶದ ಪದ್ಧತಿಯಲ್ಲಿ ಆದುವು. ಕೊಳ್ಳುವವನೇ ಎಚ್ಚರದಿಂದಿರಲಿ ಎಂಬುದು ಅವುಗಳ ಹಿಂದಿನ ಮೂಲಸೂತ್ರ. ಅದಕ್ಕೆ ಕೆಲವು ವಿನಾಯಿತಿಗಳುಂಟು, ನಿಜ. ಆದರೆ ವಿನಾಯಿತಿಯನ್ನು ಸಾಧಿಸಲು ಮುನ್ಸೀಫ ಕೋರ್ಟಿಗೆ ಹೋಗಬೇಕು, ವಕೀಲರನ್ನು ಹಿಡಿಯಬೇಕು. ಒಂದು ಕೊಡೆಯೋ ಒಂದು ಜೊತೆ ಚಪ್ಪಲಿಯೋ ಕೆಟ್ಟದ್ದು ಬಂದರೆ ಅದಕ್ಕಾಗಿ ಯಾರು ಕೋರ್ಟು ಹತ್ತುತ್ತಾರೆ? ನಮ್ಮವರು ‘ಹೋಗಲಿ ಬಿಡಿ’ ಎಂದು ಸುಮ್ಮನಾದರು. ಇಂದೂ ಬಹುಮಂದಿ ಸುಮ್ಮನಾಗುತ್ತಾರೆ.

ಅದೇ ಕಾಲದಲ್ಲಿ ಕಾನೂನಿನ ಹಂಗಿಲ್ಲದೆ ಇನ್ನೊಂದು ದಾರಿ ತೆರೆಯಿತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಲ್ಪೆಯಲ್ಲಿಯೂ ಮಿಶನ್ನಿನ ಕಾರ್ಖಾನೆಯಿತ್ತು. ಹಳೆಯ ಮನೆಯ ಮಾಡಿನಿಂದ ಒಂದು ಹಂಚನ್ನು ತೆಗೆದು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಊರಿನ ಸಮೇತ ಅಚ್ಚಾಗಿರುವುದು ಕಾಣುತ್ತದೆ. ಹಿಂದಿನ ಕುಂಬಾರನ ಓಡಿಗೆ ಹೆಸರಿರಲಿಲ್ಲ. ಬೇಕೂ ಇರಲಿಲ್ಲ, ಅವನ ಮನೆ ಆಚೆಯ ಬೀದಿಯಲ್ಲಿತ್ತು. ಹಂಚು ಹಡಗು ಹತ್ತಿ ಸಿಂಹಳಕ್ಕೂ ಪೂರ್ವ ಆಫ್ರಿಕಕ್ಕೂ ಹೋಗತೊಡಗಿದಾಗ ಯಾರನ್ನು ಕೇಳಬೇಕೆಂಬುದು ಹಂಚಿನ ಬೆನ್ನಿನ ಮೇಲೆಯೇ ಬೇಕಾಯಿತು. ಏಡನ್ನಿನವರು ಕಾರ್ದಾರನ ಮೇಲೆ ಪ್ರಯೋಗಿಸಹೊರಟ ಅಸ್ತ್ರವೂ ಹೆಸರೇ. ಇಲ್ಲಿ ಮಾರುವವನು ತನ್ನ ಹೆಸರನ್ನು ತಾನಾಗಿಯೇ ಒತ್ತೆಯಿಟ್ಟನು.

ಕಟಪಾಡಿಯ ಪಡುವಣದ ಮಟ್ಟುವಿನಲ್ಲಿ ಈಚೆಗೆ ಆದದ್ದೂ ಇದೇ ಜಾತಿಯ ಕೆಲಸ. ಮಟ್ಟುಗುಳ್ಳ ಬೆಳೆಯುವುದು ಕಡಲಿನ ಸೆರಗಿನ ಮರಳುಮಿಶ್ರ ನೆಲದಲ್ಲಿ. ಬೀಜ ಕೊಟ್ಟವರು ಸೋದೆ ಮಠದ ವಾದಿರಾಜರೆಂಬುದು ಐತಿಹ್ಯ. ಹಸಿರು ಮೈಯ ಆ ದುಂಡು ಬದನೆ ಪರ್ಯಾಯದ ಅಡಿಗೆಗೆ ಬೇಕೇ ಬೇಕು. ಅದಕ್ಕೆ ಹೆಸರು ಬಂದಷ್ಟೂ ಬೇರೆ ಊರಿನ ಗುಳ್ಳಗಳು ಮಟ್ಟುವಿನ ಹೆಸರಿನಲ್ಲಿ ಪೇಟೆಗೆ ಬರತೊಡಗಿದುವು. ಹುಳಿ ಮಾಡಿ ಬಡಿಸಿದ ಮೇಲೆ ರುಚಿ ಬೇರೆಯೆಂದು ಮನೆಯವರು ಗೊಣಗಿದರೆ ಆ ಗೊಣಗಾಟ ಮಟ್ಟುವಿನ ಬೆಳೆಗಾರರ ತಲೆಗೇ ಬರಬೇಕು. ಮಾಡದ ತಪ್ಪಿಗೆ ಹೊಣೆ. ಬೆನ್ ಯಿಜುವಿನ ಪಾಡೇ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೆಳೆಗಾರರ ಸಂಘದವರು ಗುಳ್ಳಗಳನ್ನು ಆಯ್ದು ವಿಂಗಡಿಸಿ ಅವುಗಳ ಮೇಲೆ ಸಂಘದ ಚೀಟಿ ಅಂಟಿಸಿ ಮಾರುವ ಏರ್ಪಾಡು ಮಾಡಿಕೊಂಡರು. ಒಂದು ಬದನೆಕಾಯಿಗೆ ಇಷ್ಟು ಆಡಂಬರವೇ ಎಂದು ನಗುವವರುಂಟು. ಚೀಟಿ ಅಂಟಿಸಿಕೊಂಡವನಿಗೆ ಮಾತ್ರ ಅದರ ಭಾರ ಗೊತ್ತು. ಇನ್ನು ಮುಂದೆ ಕಹಿ ಗುಳ್ಳ ಬಂದರೆ ‘ಅದು ನಮ್ಮದಲ್ಲ’ ಎನ್ನುವಂತಿಲ್ಲ.

ದೂರುವವರ ಕಡೆಯಿಂದಲೂ ಈ ಜಿಲ್ಲೆಯಲ್ಲಿ ಕೆಲಸ ನಡೆದಿದೆ. ಒಂದು ಕಾಲಕ್ಕೆ ಪೋರ್ತುಗೀಸರು ಅಕ್ಕಿಗಾಗಿ ಹಾತೊರೆದು ಬರುತ್ತಿದ್ದ ಬಸರೂರು ಬಂದರು ಈಗ ಸಣ್ಣ ಊರು. ಅಲ್ಲಿ ಹುಟ್ಟಿದ ಬಳಕೆದಾರರ ವೇದಿಕೆಯು, ಮಣಿಪಾಲದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ರವೀಂದ್ರನಾಥ ಶಾನುಭಾಗರ ಮುಂದಾಳುತನದಲ್ಲಿ 1980ರ ದಶಕದಲ್ಲಿಯೇ ದೇಶದಲ್ಲಿ ಹೆಸರು ಮಾಡಿತು. ದೆಹಲಿಯಲ್ಲಿ ಗ್ರಾಹಕ ಸಂರಕ್ಷಣಾ ಕಾನೂನಿಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1986ರ ಡಿಸೆಂಬರ್ 24ರಂದು. ಅದರಿಂದ ಜಿಲ್ಲೆಗೊಂದು ಗ್ರಾಹಕರ ನ್ಯಾಯಸ್ಥಾನ ಬಂದು, ವಕೀಲರಿಲ್ಲದೆ ತಾನೇ ನಿಂತು ಹೇಳಿಕೊಳ್ಳುವ ಅವಕಾಶ ಸಾಮಾನ್ಯನಿಗೆ ದೊರೆಯಿತು. 2019ರ ಹೊಸ ಕಾನೂನು 2020ರ ಜುಲೈ 20ರಿಂದ ಜಾರಿಗೆ ಬಂದಿದ್ದು, ದೋಷವುಳ್ಳ ಸರಕಿನಿಂದ ಆದ ಹಾನಿಗೆ ತಯಾರಿಸಿದವನನ್ನೂ ಮಾರಿದವನನ್ನೂ ಹೊಣೆಗಾರರನ್ನಾಗಿ ಮಾಡಿದೆ. ಇಬ್ಬರನ್ನೂ ಕೂರಿಸಿ ಸಂಧಾನ ಮಾಡಿಸುವ ವ್ಯವಸ್ಥೆಯನ್ನೂ ಸೇರಿಸಿದೆ.

ವೇದಿಕೆಗೆ ಬಂದ ದೂರುಗಳಲ್ಲಿ ಬಹಳಷ್ಟು ನ್ಯಾಯಸ್ಥಾನದ ಮೆಟ್ಟಿಲು ಹತ್ತಲಿಲ್ಲ. ಮೊದಲು ಹೋಗುತ್ತಿದ್ದದ್ದು ಅಂಗಡಿಯವನಿಗೋ ಕಂಪೆನಿಗೋ ಒಂದು ಪತ್ರ: ಇಂಥವರಿಗೆ ಇಂಥ ತೊಂದರೆಯಾಗಿದೆ, ಸರಿಪಡಿಸಿಕೊಡಿ. ಅನೇಕರು ಸರಿಪಡಿಸಿಕೊಟ್ಟರು. ಜಗ್ಗದವರ ಹೆಸರು ತೀರ್ಪಿನಲ್ಲಿ ಅಚ್ಚಾಗಿ ಉಳಿಯಿತು. ಪತ್ರ ಓದಿದ ದಿನವೇ ಕೆಟ್ಟ ಸರಕನ್ನು ಹಿಂದಕ್ಕೆ ಪಡೆದು ಬೇರೆಯದನ್ನು ಕಟ್ಟಿಕೊಟ್ಟವರ ಹೆಸರು ಯಾವ ವರದಿಯಲ್ಲಿಯೂ ಸಿಗುವುದಿಲ್ಲ.